ಕರುಳು ಸೋರುತ್ತದಾ? ಜೀವಕೋಶಗಳು ಕೈ ಹಿಡಿದು ತಡೆ ಕಟ್ಟುವ ಬಗೆ

ಹೋದ ವಾರ ಚಿಕ್ಕಮ್ಮ ಫೋನ್ ಮಾಡಿದ್ದರು. ಮನೆಯ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ವಿಡಿಯೊ ಹಾಕಿದ್ದರು. ಕರುಳಿನ ಚಿತ್ರ, ಅದರ ತುಂಬ ಸಣ್ಣ ಸಣ್ಣ ತೂತು, ತೂತಿನಿಂದ ಹಸಿರು ಬಣ್ಣದ ಏನೋ ರಕ್ತಕ್ಕೆ ತೊಟ್ಟಿಕ್ಕುತ್ತಿದೆ. ಹೆಸರು ‘ಲೀಕಿ ಗಟ್’. ಸುಸ್ತು, ಮಂಡಿನೋವು, ಮೊಡವೆ, ಮರೆವು ಎಲ್ಲಕ್ಕೂ ಇದೇ ಕಾರಣವಂತೆ. ವಿಡಿಯೊದ ಕೊನೆಗೆ ಒಂದು ಡಬ್ಬಿ ಪುಡಿ.

“ನಿಜವೇನೋ? ಕರುಳು ಸೋರತ್ತಾ?”

“ಪುಡಿ ತರಿಸಿಬಿಟ್ರಾ ಚಿಕ್ಕಮ್ಮ?”

“ಇನ್ನೂ ಇಲ್ಲ ಕಣೋ. ನಿನ್ನ ಕೇಳಿ ತರಿಸೋಣ ಅಂತ.”

ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸೋಣ ಅಂದುಕೊಂಡೆ. ಆಗಲಿಲ್ಲ. ಯಾಕೆಂದರೆ ಕರುಳು ಸೋರುವುದು ನಿಜ. ನಿಮ್ಮದೂ ಸೋರುತ್ತದೆ, ನನ್ನದೂ ಸೋರುತ್ತದೆ. ಸೋರದಿದ್ದರೆ ಹೊಟ್ಟೆ ತುಂಬ ಉಂಡೂ ಸೊರಗಿ ಸಾಯುತ್ತಿದ್ದೆವು. ಆದರೆ ಅದು ಆ ವಿಡಿಯೊದಲ್ಲಿ ತೋರಿಸಿದ ತೂತಲ್ಲ. ಏನು ಸೋರುತ್ತದೆ, ಎಲ್ಲಿ, ಎಷ್ಟು ಅಂತ ತಿಳಿಯಬೇಕಾದರೆ ನಮ್ಮ ಜೀವಕೋಶಗಳು ಒಂದಕ್ಕೊಂದು ಅಂಟಿಕೊಳ್ಳುವ ರೀತಿಯಿಂದಲೇ ಶುರು ಮಾಡಬೇಕು.

ಹಲ್ಲುಕಡ್ಡಿಗೆ ಅಂಟಿ ಬಂದದ್ದು

ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಹಲ್ಲುಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದು, ಗಾಜಿನ ಸ್ಲೈಡಿಗೆ ಬಳಿದು, ಒಂದು ತೊಟ್ಟು ಮಿಥಿಲೀನ್ ಬ್ಲೂ ಹಾಕಿ ನೋಡಿದ್ದು ನೆನಪಿದೆಯಾ? ನೀಲಿ ನೀಲಿ ಚಪ್ಪಟೆ ಚೂರುಗಳು, ಪ್ರತಿಯೊಂದರ ನಡುವೆ ಗಾಢವಾದ ಒಂದು ಚುಕ್ಕೆ. ಕೆಲವು ಒಂಟಿ, ಕೆಲವು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದವು. ನಾವು ಚುಕ್ಕೆಗೆ ನ್ಯೂಕ್ಲಿಯಸ್ ಅಂತ ಗೆರೆ ಎಳೆದು, ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಬಂದೆವು. ಅವು ಅಂಟಿಕೊಂಡದ್ದು ಯಾವ ಗೋಂದಿನಿಂದ ಅಂತ ಯಾರೂ ಕೇಳಲಿಲ್ಲ.

ಅವೇ ಎಪಿಥೀಲಿಯಲ್ ಜೀವಕೋಶಗಳು. ಶಾಲೆಯ ಪುಸ್ತಕದಲ್ಲಿ ‘ಅನುಲೇಪಕ ಅಂಗಾಂಶ’ ಅಂತ ಇತ್ತು. ಹೆಸರು ಭಾರ, ವಿಷಯ ಹಗುರ. ನಮ್ಮ ದೇಹ ಹೊರಗಿನ ಲೋಕಕ್ಕೆ ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಹಾಸಿರುವ ಪದರ ಅದು. ಚರ್ಮ, ಬಾಯಿ, ಅನ್ನನಾಳ, ಕರುಳು, ಶ್ವಾಸನಾಳ, ಮೂತ್ರಕೋಶ, ಕಿಡ್ನಿಯ ನಳಿಗೆಗಳು, ಎಲ್ಲ ಕಡೆ ಇದೇ.

ಕರುಳು ಒಳಗಲ್ವಾ, ಅದು ಹೊರಗಿನ ಲೋಕಕ್ಕೆ ಹೇಗೆ ತಾಗುತ್ತದೆ? ಉದ್ದಿನ ವಡೆಯನ್ನು ನೆನೆಸಿಕೊಳ್ಳಿ. ವಡೆಯ ತೂತು ವಡೆಯ ನಡುವೆ ಇದೆ, ಆದರೆ ವಡೆಯ ಒಳಗಿಲ್ಲ. ಬಾಯಿಯಿಂದ ಗುದದವರೆಗಿನ ಕೊಳವೆಯೂ ಹಾಗೇ. ಬೆಳಿಗ್ಗೆ ತಿಂದ ಇಡ್ಲಿ ಹೊಟ್ಟೆಯಲ್ಲಿದ್ದರೂ ಲೆಕ್ಕದಲ್ಲಿ ಇನ್ನೂ ಹೊರಗೇ ಇದೆ. ಕರುಳಿನ ಪದರ ದಾಟಿದ ಮೇಲಷ್ಟೇ ಅದು ನಮ್ಮ ಮೈಗೆ ಸೇರಿದ್ದು.

ಚರ್ಮ ಬಿಡಿಸಿ ಹಾಸಿದರೆ ಒಂದೂವರೆ ಎರಡು ಚದರ ಮೀಟರ್, ಒಂದು ಚಾಪೆಯಷ್ಟು. ಕರುಳಿನ ಒಳಮೈ ಟೆನಿಸ್ ಕೋರ್ಟಿನಷ್ಟು ದೊಡ್ಡದು ಅಂತ ನಾವೆಲ್ಲ ಓದಿದ್ದೆವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಅಳೆದು ನೋಡಿದಾಗ ಅದು ಸುಮಾರು 30 ಚದರ ಮೀಟರ್, ಅರ್ಧ ಬ್ಯಾಡ್ಮಿಂಟನ್ ಕೋರ್ಟು ಅಂತ ಗೊತ್ತಾಯಿತು. ಅಷ್ಟಾದರೂ ಕಡಿಮೆಯೇನಲ್ಲ. ಇಷ್ಟಗಲದ ಈ ಪದರದ ದಪ್ಪ ಎಷ್ಟು ಗೊತ್ತಾ? ಒಂದೇ ಒಂದು ಜೀವಕೋಶ. ಒಂದು ತಲೆಗೂದಲಿನ ದಪ್ಪದ ಮೂರರಲ್ಲೊಂದು ಪಾಲು ಇರಬಹುದು. ಅದರ ಆಚೆಗೆ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾ, ಈಚೆಗೆ ರಕ್ತ.

ಇಟ್ಟಿಗೆಗಳ ನಡುವೆ ಗಾರೆ ಇರಲಿಲ್ಲ

ಈ ಜೀವಕೋಶಗಳ ನಡುವೆ ಸಿಮೆಂಟಿನಂಥದ್ದು ಏನೋ ತುಂಬಿರಬೇಕು ಅಂತ ಮೊದಲಿನವರು ಅಂದುಕೊಂಡಿದ್ದರು. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಜೀವಕೋಶಗಳ ಮೇಲಂಚಿನಲ್ಲಿ ಗಾಢವಾದ ಸಣ್ಣ ಗೆರೆ ಕಾಣುತ್ತಿತ್ತು. ಅದನ್ನೇ ಗಾರೆ ಅಂತ ತಿಳಿದರು.

ಆದರೆ ಗಾರೆಯ ಕಲ್ಪನೆಗೆ ಹೊಂದದ ಒಂದು ಪ್ರಯೋಗ 1907ರಲ್ಲೇ ನಡೆದಿತ್ತು. ಅಮೆರಿಕದ ಎಚ್.ವಿ. ವಿಲ್ಸನ್ ಅನ್ನುವವರು ಸಮುದ್ರದ ಜೀವಂತ ಸ್ಪಂಜನ್ನು, ಹಿಟ್ಟು ಜರಡಿ ಹಿಡಿಯುವ ತೆಳುವಾದ ರೇಷ್ಮೆ ಬಟ್ಟೆಯಲ್ಲಿ ಕಟ್ಟಿ ನೀರೊಳಗೆ ಹಿಂಡಿದರು. ಸ್ಪಂಜು ಬಿಡಿ ಬಿಡಿ ಜೀವಕೋಶಗಳಾಗಿ ನೀರಲ್ಲಿ ಚದುರಿಹೋಯಿತು. ಸ್ವಲ್ಪ ಹೊತ್ತಿಗೆ ಆ ಜೀವಕೋಶಗಳು ತೆವಳಿಕೊಂಡು ಒಂದರ ಹತ್ತಿರ ಒಂದು ಬಂದವು, ಅಂಟಿಕೊಂಡವು, ಗುಂಪಾದವು. ಕೊನೆಗೆ ಮತ್ತೆ ಸ್ಪಂಜೇ ಆದವು. ಗೋಡೆ ಬಿದ್ದ ಮೇಲೆ ಇಟ್ಟಿಗೆಗಳು ತಾವೇ ಎದ್ದು ಸಾಲು ಕಟ್ಟಿದ ಹಾಗೆ. ಅಂದರೆ ಅಂಟುವ ಗುಣ ಹೊರಗಿನ ಗಾರೆಯಲ್ಲಿಲ್ಲ, ಜೀವಕೋಶದ ಮೈಯಲ್ಲೇ ಇದೆ.

ಆ ಗಾಢ ಗೆರೆ ನಿಜಕ್ಕೂ ಏನು ಅಂತ ಕಂಡದ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪು ಬಂದ ಮೇಲೆ. 1963ರಲ್ಲಿ ಮ್ಯಾರಿಲಿನ್ ಫಾರ್ಕ್ವಾರ್ ಮತ್ತು ಜಾರ್ಜ್ ಪಲಾಡೆ ಹಲವು ಅಂಗಗಳ ಒಳಪದರವನ್ನು ಪರೀಕ್ಷಿಸಿ ನೋಡಿದರು. ಗಾರೆ ಎಲ್ಲೂ ಇರಲಿಲ್ಲ. ಅದರ ಬದಲು ಪಕ್ಕ ಪಕ್ಕದ ಎರಡು ಜೀವಕೋಶಗಳ ನಡುವೆ ಮೂರು ಬಗೆಯ ಜೋಡಣೆ ಇತ್ತು. ಹೆಚ್ಚು ಕಡಿಮೆ ಎಲ್ಲ ಕಡೆಯೂ ಮೇಲಿಂದ ಕೆಳಕ್ಕೆ ಅದೇ ಕ್ರಮ.

ಗ್ಯಾಸ್ಕೆಟ್, ಉಡಿದಾರ, ಟಿಚ್ ಬಟನ್

ಎಲ್ಲಕ್ಕಿಂತ ಮೇಲೆ, ಅಂದರೆ ಊಟ ಹರಿಯುವ ಬದಿಗೆ, ಇರುವುದು ಟೈಟ್ ಜಂಕ್ಷನ್. ಇದು ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. ಜೀವಕೋಶದ ಕುತ್ತಿಗೆಯ ಸುತ್ತ ಪೂರ್ತಿ ಒಂದು ಸುತ್ತು ಬಂದು, ಪಕ್ಕದವರ ಜೊತೆ ಸಂದಿಯನ್ನು ಮುಚ್ಚುತ್ತದೆ. ಬೇರೆ ಕಡೆ ಎರಡು ಜೀವಕೋಶಗಳ ನಡುವೆ ಚೂರು ಜಾಗ ಇರುತ್ತದೆ. ಇಲ್ಲಿ ಮಾತ್ರ ಎರಡರ ಪೊರೆಯೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ.

ಅದರ ಕೆಳಗೆ ಅಡ್ಹೆರೆನ್ಸ್ ಜಂಕ್ಷನ್. ಇದಕ್ಕೆ ಉಡಿದಾರ ಅನ್ನೋಣ. ಜೀವಕೋಶದ ಒಳಗೆ ಸೊಂಟದ ಸುತ್ತ ಆ್ಯಕ್ಟಿನ್ ಎಂಬ ನೂಲು ಕಟ್ಟಿಕೊಂಡಿರುತ್ತದೆ. ಆ ನೂಲಿನಿಂದ ಹೊರಗೆ ಚಾಚಿದ ಸಣ್ಣ ಕೈಗಳು ಪಕ್ಕದ ಜೀವಕೋಶದ ಕೈಗಳನ್ನು ಹಿಡಿದಿರುತ್ತವೆ. ಒಂದು ಜೀವಕೋಶ ತನ್ನ ಉಡಿದಾರ ಬಿಗಿ ಮಾಡಿದರೆ ಎಳೆತ ಪಕ್ಕದವರಿಗೂ ಗೊತ್ತಾಗುತ್ತದೆ. ಹೀಗಾಗಿ ಬಿಡಿ ಜೀವಕೋಶಗಳೆಲ್ಲ ಸೇರಿ ಒಂದೇ ಹಾಳೆಯ ಹಾಗೆ ಬಾಗುತ್ತವೆ, ಮಡಚುತ್ತವೆ.

ಮೂರನೆಯದು ಡೆಸ್ಮೊಸೋಮ್. ಇದು ಸುತ್ತು ಬರುವುದಿಲ್ಲ, ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಇರುತ್ತದೆ. ರವಿಕೆಗೆ ಟೈಲರ್ ಹಾಕಿಕೊಡುವ ಟಿಚ್ ಬಟನ್ ಇದ್ದ ಹಾಗೆ. ಒಳಗಡೆ ಇವು ಕೆರಾಟಿನ್ ಎಂಬ ಗಟ್ಟಿ ಹಗ್ಗಗಳಿಗೆ ಕಟ್ಟಿರುತ್ತವೆ. ಎಲ್ಲಿ ಎಳೆದಾಟ ಜಾಸ್ತಿಯೋ ಅಲ್ಲಿ ಬಟನ್ನೂ ಜಾಸ್ತಿ. ಚರ್ಮದಲ್ಲಿ ಸಾಲು ಸಾಲಾಗಿ ಇವೆ, ಜೀವಮಾನವಿಡೀ ಬಡಿಯುವ ಹೃದಯದ ಸ್ನಾಯುವಿನಲ್ಲೂ ಇವೆ.

ಇವಲ್ಲದೆ ಪಕ್ಕದ ಮನೆಗೆ ಕೈ ಚಾಚಿ ಸಕ್ಕರೆ ಕೊಡುವ ಕಿಟಕಿಯಂಥ ಗ್ಯಾಪ್ ಜಂಕ್ಷನ್ ಉಂಟು. ಅದರಲ್ಲಿ ಸಣ್ಣ ಅಣುಗಳು ನೇರವಾಗಿ ಒಂದು ಜೀವಕೋಶದಿಂದ ಇನ್ನೊಂದಕ್ಕೆ ಹೋಗುತ್ತವೆ. ಮತ್ತೆ ಇಡೀ ಸಾಲು ಕೂತಿರುವುದು ಕೊಲಾಜೆನ್, ಲ್ಯಾಮಿನಿನ್ ಎಂಬ ಪ್ರೋಟೀನುಗಳಿಂದ ನೇಯ್ದ ತೆಳು ಚಾಪೆಯ ಮೇಲೆ. ಚಾಪೆಗೆ ಅಂಟಿಕೊಳ್ಳಲು ಅರ್ಧ ಟಿಚ್ ಬಟನ್ನಿನಂಥ ಬೇರೆಯೇ ಜೋಡಣೆ ಇದೆ, ಹೆಮಿಡೆಸ್ಮೊಸೋಮ್ ಅಂತ. ಈ ಚಾಪೆಯ ವಿಷಯ ಮುಂದೆ ಮತ್ತೆ ಬರುತ್ತದೆ.

ಬಾಟಲಿ ಬದಲಾದದ್ದರಿಂದ ಸಿಕ್ಕ ಉತ್ತರ

ಆ ಸಣ್ಣ ಕೈಗಳು ಯಾವುವು ಅಂತ ಪತ್ತೆಯಾದದ್ದು ಒಂದು ಪ್ರಯೋಗ ಕೆಟ್ಟುಹೋದದ್ದರಿಂದ.

1970ರ ದಶಕದಲ್ಲಿ ಮಸಾತೋಷಿ ತಾಕೇಯಿಚಿ ಎಂಬ ಜಪಾನಿ ಯುವಕ ಕ್ಯೋಟೊದಿಂದ ಅಮೆರಿಕದ ಬಾಲ್ಟಿಮೋರ್‌ಗೆ, ಕಾರ್ನೆಗಿ ಸಂಸ್ಥೆಯ ಲ್ಯಾಬಿಗೆ ಹೋದರು. ಊರಲ್ಲಿ ಮಾಡುತ್ತಿದ್ದ ಕೆಲಸವನ್ನೇ ಅಲ್ಲೂ ಮಾಡಿದರು. ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಜೀವಕೋಶಗಳನ್ನು ಬಿಡಿಸುವುದು, ಆಮೇಲೆ ಅವು ಮತ್ತೆ ಗುಂಪಾಗುವುದನ್ನು ನೋಡುವುದು. ಕ್ಯೋಟೊದಲ್ಲಿ ಗುಂಪಾಗುತ್ತಿದ್ದವು. ಬಾಲ್ಟಿಮೋರ್‌ನಲ್ಲಿ ಆಗಲೇ ಇಲ್ಲ.

ಕಾರಣ ಹುಡುಕಿದಾಗ ಸಿಕ್ಕಿದ್ದು ಟ್ರಿಪ್ಸಿನ್ ದ್ರಾವಣದಲ್ಲಿದ್ದ ಇನ್ನೊಂದು ಪದಾರ್ಥ. ಅಮೆರಿಕದ ಲ್ಯಾಬಿನ ದ್ರಾವಣಕ್ಕೆ ಇಡಿಟಿಎ ಸೇರಿಸಿರುತ್ತಿದ್ದರು. ಅದು ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುತ್ತದೆ. ಕ್ಯಾಲ್ಸಿಯಂ ಇದ್ದಾಗ ಟ್ರಿಪ್ಸಿನ್ ಮುಟ್ಟದೆ ಬಿಡುತ್ತಿದ್ದ ಯಾವುದೋ ಪ್ರೋಟೀನನ್ನು, ಕ್ಯಾಲ್ಸಿಯಂ ಇಲ್ಲದಾಗ ಅದು ಕತ್ತರಿಸಿ ಹಾಕುತ್ತಿತ್ತು. ಆ ಪ್ರೋಟೀನೇ ಅಂಟಿಸುವ ಕೈ ಅಂತ ಅರ್ಥವಾಯಿತು. 1984ರಲ್ಲಿ ಅದಕ್ಕೆ ಕ್ಯಾಡ್ಹೆರಿನ್ ಅಂತ ಹೆಸರಿಟ್ಟರು. ಹೆಸರಿನೊಳಗೇ ಕ್ಯಾಲ್ಸಿಯಂ ಇದೆ.

ಕ್ಯಾಲ್ಸಿಯಂ ಇದ್ದರೆ ಕ್ಯಾಡ್ಹೆರಿನ್ ಕೈ ನೆಟ್ಟಗೆ ಚಾಚಿಕೊಂಡಿರುತ್ತದೆ. ಇಲ್ಲದಿದ್ದರೆ ನೆನೆದ ಹಪ್ಪಳದ ಹಾಗೆ ಜೋಲು ಬೀಳುತ್ತದೆ. (ಹಾಗಂತ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಜೀವಕೋಶ ಇನ್ನೂ ಗಟ್ಟಿಯಾಗಿ ಅಂಟುವುದಿಲ್ಲ. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ದೇಹ ತಾನೇ ಬಿಗಿಯಾಗಿ ಕಾಯ್ದುಕೊಂಡಿರುತ್ತದೆ.)

ಇನ್ನೊಂದು ಸೊಗಸು ಇದೆ. ಕ್ಯಾಡ್ಹೆರಿನ್‌ನಲ್ಲಿ ಹಲವು ಬಗೆ, ಮತ್ತು ಒಂದು ಬಗೆಯದು ಸಾಮಾನ್ಯವಾಗಿ ತನ್ನದೇ ಬಗೆಯದನ್ನು ಹಿಡಿಯುತ್ತದೆ. ಎಪಿಥೀಲಿಯಂ ಜೀವಕೋಶಗಳಲ್ಲಿ ಇ-ಕ್ಯಾಡ್ಹೆರಿನ್, ನರದ ಜೀವಕೋಶಗಳಲ್ಲಿ ಎನ್-ಕ್ಯಾಡ್ಹೆರಿನ್. ಭ್ರೂಣದಲ್ಲಿ ಮುಂದೆ ಮಿದುಳು, ಬೆನ್ನುಹುರಿ ಆಗಬೇಕಾದ ಭಾಗವು ಚರ್ಮದ ಪದರದಿಂದ ಬೇರೆಯಾಗುವ ಹೊತ್ತಿಗೆ ಅಲ್ಲಿನ ಜೀವಕೋಶಗಳು ‘ಇ’ ಬಿಟ್ಟು ‘ಎನ್’ ತೊಡುತ್ತವೆ.

ಎರಡು ಇಲಿಮರಿಗಳು

ಈಗ ಗ್ಯಾಸ್ಕೆಟ್ಟಿಗೆ ವಾಪಸ್ ಬರೋಣ. ಚಿಕ್ಕಮ್ಮನ ಪ್ರಶ್ನೆ ಇರುವುದೇ ಅಲ್ಲಿ.

ಜಪಾನಿನ ಶೋಯಿಚಿರೊ ತ್ಸುಕಿತಾ ಅವರ ತಂಡ ಕೋಳಿಯ ಯಕೃತ್ತನ್ನು ಅರೆದು, ಸೋಸಿ, ಟೈಟ್ ಜಂಕ್ಷನ್ನಿನ ಪ್ರೋಟೀನುಗಳನ್ನು ಹುಡುಕುತ್ತಿತ್ತು. 1993ರಲ್ಲಿ ಆಕ್ಲೂಡಿನ್ ಸಿಕ್ಕಿತು. ಆದರೆ ಆಕ್ಲೂಡಿನ್ ತೆಗೆದುಹಾಕಿದ ಜೀವಕೋಶಗಳೂ ಗ್ಯಾಸ್ಕೆಟ್ ಕಟ್ಟಿಕೊಂಡವು! ಮತ್ತೆ ಅದೇ ಕೋಳಿ ಯಕೃತ್ತು, ಮತ್ತೆ ಹುಡುಕಾಟ. 1998ರಲ್ಲಿ ಕ್ಲಾಡಿನ್ ಸಿಕ್ಕಿತು. ಲ್ಯಾಟಿನ್‌ನಲ್ಲಿ ‘ಮುಚ್ಚು’ ಅನ್ನುವ ಅರ್ಥದ ಮಾತಿನಿಂದ ಬಂದ ಹೆಸರು. ಇದು ಒಬ್ಬಂಟಿಯಲ್ಲ, ಇಪ್ಪತ್ತೈದಕ್ಕೂ ಹೆಚ್ಚು ಸದಸ್ಯರಿರುವ ದೊಡ್ಡ ಕುಟುಂಬ.

2002ರಲ್ಲಿ ಅದೇ ತಂಡ ಕ್ಲಾಡಿನ್-1 ಇಲ್ಲದ ಇಲಿಮರಿಗಳನ್ನು ಬೆಳೆಸಿತು. ಮರಿಗಳು ಹುಟ್ಟಿದವು, ಚರ್ಮ ಸುಕ್ಕಾಗತೊಡಗಿತು, ಒಂದು ದಿನದೊಳಗೆ ಸತ್ತುಹೋದವು. ಗಾಯ ಇಲ್ಲ, ರಕ್ತ ಇಲ್ಲ. ಚರ್ಮದ ಮೂಲಕ ಮೈಯ ನೀರೆಲ್ಲ ಆವಿಯಾಗಿ ಹೋಗಿತ್ತು. ಸೋರಿದರೆ ಸಾವು, ಸರಿ.

2013ರಲ್ಲಿ ಇನ್ನೊಂದು ಬಗೆಯ ಇಲಿಮರಿಗಳ ವರದಿ ಬಂತು. ಇವುಗಳಲ್ಲಿ ಇಲ್ಲದಿದ್ದದ್ದು ಕ್ಲಾಡಿನ್-2 ಮತ್ತು ಕ್ಲಾಡಿನ್-15. ಈ ಇಬ್ಬರು ಮುಚ್ಚುವ ಕೆಲಸದವರಲ್ಲ. ಗ್ಯಾಸ್ಕೆಟ್ಟಿನಲ್ಲಿ ಬೇಕೆಂದೇ ಸಣ್ಣ ಕಿಂಡಿ ಇಟ್ಟು, ಸೋಡಿಯಂನಂಥ ಕಣಗಳನ್ನು ಓಡಾಡಲು ಬಿಡುವವರು. ಅವರಿಲ್ಲದ ಮೇಲೆ ಕರುಳು ಸೋರುವುದು ಕಡಿಮೆಯಾಯಿತು. ವಿಡಿಯೊದ ಲೆಕ್ಕದಲ್ಲಿ ಮರಿಗಳು ಗಟ್ಟಿಮುಟ್ಟಾಗಿರಬೇಕಿತ್ತು. ಹಾಲು ಕುಡಿಯುತ್ತಲೇ ಇದ್ದರೂ ಅಪೌಷ್ಟಿಕತೆಯಿಂದ ಸತ್ತವು.

ಯಾಕೆ ಹೀಗೆ? ಕರುಳಿನ ಪದರ ದಾಟಲು ಎರಡು ದಾರಿ ಇದೆ. ಒಂದು ಜೀವಕೋಶದ ಒಳಗಿಂದ ಹಾದುಹೋಗುವ ಬಾಗಿಲ ದಾರಿ. ಇನ್ನೊಂದು ಎರಡು ಜೀವಕೋಶಗಳ ನಡುವಿನ ಸಂದಿ ದಾರಿ. ಗ್ಲೂಕೋಸ್ ಬರುವುದು ಬಾಗಿಲಿಂದ. ಆದರೆ ಆ ಬಾಗಿಲು ಕಾಯುವವನು ಗ್ಲೂಕೋಸನ್ನು ಒಂಟಿಯಾಗಿ ಬಿಡುವುದಿಲ್ಲ, ಜೊತೆಗೆ ಸೋಡಿಯಂ ಇರಲೇಬೇಕು. ಒಳಗೆ ಬಂದ ಸೋಡಿಯಂ ಸಂದಿಯ ಕಿಂಡಿಯಿಂದ ವಾಪಸ್ ಕರುಳಿಗೆ ಹೋಗಿ, ಮತ್ತೊಂದು ಗ್ಲೂಕೋಸನ್ನು ಕರೆದುಕೊಂಡು ಬರುತ್ತದೆ. ಸಂದಿ ಮುಚ್ಚಿದರೆ ವಾಪಸ್ ಹೋಗುವ ಸೋಡಿಯಂ ಇಲ್ಲ, ಬಾಗಿಲ ಮುಂದೆ ಗ್ಲೂಕೋಸ್ ಸುಮ್ನೆ ನಿಂತಿರುತ್ತದೆ.

ಓಆರ್‌ಎಸ್ ಪ್ಯಾಕೆಟ್ಟಿನಲ್ಲಿ ಉಪ್ಪಿನ ಜೊತೆ ಸಕ್ಕರೆ ಇರುವುದೂ ಇದೇ ಬಾಗಿಲಿನ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಲ್ಲಿ ಲೀಟರಿಗೆ ಸೋಡಿಯಂ 75 ಮಿಲಿಮೋಲ್, ಗ್ಲೂಕೋಸೂ 75, ಸಮ ಸಮ. ಎರಡೂ ಜೋಡಿಯಾಗಿ ಒಳಗೆ ಹೋದರೆ ಹಿಂದೆಯೇ ನೀರೂ ಹೋಗುತ್ತದೆ. ಕಾಲರಾದ ವಿಷ ನೀರು ಹೊರಗೆ ಸುರಿಯುವ ಬೇರೆ ದಾರಿಯನ್ನು ತೆರೆದುಬಿಡುತ್ತದೆ, ಆದರೆ ಈ ಬಾಗಿಲನ್ನು ಕೆಡಿಸುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಂದ ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿದಾಗ, ಡಾ. ದಿಲೀಪ್ ಮಹಲನಬಿಸ್ ಡ್ರಿಪ್ ಬಾಟಲಿ ಸಾಲದೆ ಡ್ರಮ್ಮುಗಳಲ್ಲಿ ಉಪ್ಪು-ಸಕ್ಕರೆ ನೀರು ತುಂಬಿಸಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಕಿಂಡಿಯ ಅಳತೆಯನ್ನೂ ಹೇಳಿಬಿಡುತ್ತೇನೆ. ಕ್ಲಾಡಿನ್-2 ಇಡುವ ಕಿಂಡಿ ಒಂದು ನ್ಯಾನೋಮೀಟರಿಗಿಂತ ಚಿಕ್ಕದು, ಕೂದಲಿನ ದಪ್ಪದ ಲಕ್ಷದಲ್ಲೊಂದು ಪಾಲು. ಅದರಲ್ಲಿ ಸೋಡಿಯಂ ತೂರಬಹುದು, ನೀರು ತೂರಬಹುದು. ಊಟದ ಚೂರೂ ಬ್ಯಾಕ್ಟೀರಿಯಾವೂ ತೂರುವ ಮಾತೇ ಇಲ್ಲ.

ಅಂಗಕ್ಕೆ ತಕ್ಕ ಹಾಗೆ ಗ್ಯಾಸ್ಕೆಟ್ಟೂ ಬೇರೆ. ಮೂತ್ರಕೋಶದ್ದು ತುಂಬಾ ಬಿಗಿ, ಮೂತ್ರ ರಕ್ತಕ್ಕೆ ಮರಳಬಾರದಲ್ಲ. ಕಿಡ್ನಿಯ ನಳಿಗೆಯ ಮೊದಲ ಭಾಗ ಸಾಕಷ್ಟು ಸಡಿಲ. ಅಲ್ಲೇ ಮುಂದೆ ಒಂದು ಕಡೆ ಕ್ಲಾಡಿನ್-16 ಇರುವ ಸಂದಿಯಲ್ಲಿ ಮೆಗ್ನೀಸಿಯಂ ರಕ್ತಕ್ಕೆ ವಾಪಸ್ ಬರುತ್ತದೆ. ಹುಟ್ಟಿನಿಂದಲೇ ಈ ಕ್ಲಾಡಿನ್ ಕೆಟ್ಟಿರುವ ಮಕ್ಕಳಲ್ಲಿ ಮೆಗ್ನೀಸಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ, ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕಟ್ಟಿಕೊಳ್ಳುತ್ತದೆ. ಅವರ ಕಾಯಿಲೆ ಸೋರುವುದಲ್ಲ, ಸೋರಬೇಕಾದ ಕಡೆ ಸೋರದಿರುವುದು.

ಚರ್ಮದ ಲೆಕ್ಕ ಬೇರೆ

ಚರ್ಮಕ್ಕೆ ಒಂದು ಸಾಲು ಸಾಲದು. ಅಡಿಯ ಸಾಲಿನಲ್ಲಿ ಹುಟ್ಟಿದ ಜೀವಕೋಶ ಮೇಲಕ್ಕೆ ಬರುತ್ತಾ ಬರುತ್ತಾ ಚಪ್ಪಟೆಯಾಗಿ, ಸತ್ತು, ಹಂಚಿನ ಹಾಗೆ ಒಂದರ ಮೇಲೊಂದು ಕೂರುತ್ತದೆ. ನಾಲ್ಕು ವಾರದ ಪಯಣ. ಸತ್ತ ಹಂಚುಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ ತುಂಬಿರುತ್ತವೆ. ನೋಡಿ, ಹಳಬರು ಹುಡುಕಿದ ಗಾರೆ ಕೊನೆಗೂ ಇಲ್ಲಿ ಸಿಕ್ಕಿತು! ಅದರ ಕೆಳಗೆ, ಇನ್ನೂ ಜೀವ ಇರುವ ಪದರದಲ್ಲಿ, ಕ್ಲಾಡಿನ್ ಗ್ಯಾಸ್ಕೆಟ್ ಎರಡನೇ ಕಾವಲು.

ಚಳಿಗಾಲದಲ್ಲಿ ಹಿಮ್ಮಡಿ ಒಡೆಯುವುದು, ಮೈ ಬಿಳಿಚಿಕೊಳ್ಳುವುದು ಈ ಮೇಲಿನ ಪದರ ಒಣಗಿದ್ದರಿಂದ. ಖಾರವಾದ ಸೋಪು ಆ ಜಿಡ್ಡನ್ನು ತೊಳೆದುಹಾಕುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ನೀರು ಆರುವುದು ನಿಧಾನವಾಗುತ್ತದೆ. ಕೆಲವರ ಚರ್ಮ ಹುಟ್ಟಿನಿಂದಲೇ ಒಣ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ತಂಡ ಅದಕ್ಕೊಂದು ಕಾರಣ ಕಂಡುಹಿಡಿಯಿತು. ಹಂಚುಗಳನ್ನು ಗಟ್ಟಿ ಮಾಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟಿದ್ದರೆ ಎಕ್ಸಿಮಾ, ಅಂದರೆ ತುರಿಕೆಯ ಇಸುಬು, ಬರುವ ಸಾಧ್ಯತೆ ಜಾಸ್ತಿ.

ಬಟನ್ ಬಿಚ್ಚಿದಾಗ

ಹೊಸ ಚಪ್ಪಲಿ ಕಚ್ಚಿ ಗುಳ್ಳೆ ಎದ್ದದ್ದನ್ನು ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ? ಮೇಲೆ ತೆಳುವಾದ ಬಿಳಿ ಚರ್ಮ, ಒಳಗೆ ತಿಳಿ ನೀರು. ರಕ್ತ ಬರುವುದಿಲ್ಲ, ಯಾಕೆಂದರೆ ಬಿರುಕು ಬಿಟ್ಟದ್ದು ರಕ್ತನಾಳಗಳಿಲ್ಲದ ಮೇಲಿನ ಪದರದೊಳಗೆ. ಉಜ್ಜಿ ಉಜ್ಜಿ ಜೀವಕೋಶಗಳ ಸಾಲು ಹರಿದು, ಆ ಸಂದಿಗೆ ಕೆಳಗಿನಿಂದ ನೀರು ಒಸರಿ ತುಂಬಿಕೊಂಡಿದೆ. ಗುಳ್ಳೆಯ ತಳದಲ್ಲಿ ಉಳಿದ ಜೀವಕೋಶಗಳು ಆಗಲೇ ಮತ್ತೆ ಪದರ ಕಟ್ಟಲು ಶುರು ಮಾಡಿರುತ್ತವೆ. ಅದಕ್ಕೇ ಗುಳ್ಳೆ ಒಡೆಯಬೇಡಿ ಅನ್ನುವುದು. ಮೇಲಿನ ಸತ್ತ ಚರ್ಮವೇ ಅದಕ್ಕೆ ಬ್ಯಾಂಡೇಜು.

ಚಪ್ಪಲಿಯಿಲ್ಲದೆ, ಉಜ್ಜದೆಯೂ ಗುಳ್ಳೆ ಏಳುವ ಕಾಯಿಲೆಗಳಿವೆ. ಪೆಂಫಿಗಸ್ ಅಂಥದ್ದು. ರೋಗಾಣುವಿನ ಜೊತೆ ಹೋರಾಡಬೇಕಾದ ಪ್ರತಿಕಾಯಗಳು ಗುರಿ ತಪ್ಪಿ, ಟಿಚ್ ಬಟನ್ನಿನ ಡೆಸ್ಮೊಗ್ಲೀನ್ ಎಂಬ ಪ್ರೋಟೀನಿನ ಮೇಲೆ ಬೀಳುತ್ತವೆ. ಬಟನ್ನುಗಳು ಬಿಚ್ಚಿಕೊಳ್ಳುತ್ತವೆ. ಡೆಸ್ಮೊಗ್ಲೀನ್-3 ಬಾಯಿಯಲ್ಲಿ ಜಾಸ್ತಿ. ಹಾಗಾಗಿ ಎಷ್ಟೋ ಜನರಿಗೆ ಈ ಕಾಯಿಲೆ ವಾಸಿಯಾಗದ ಬಾಯಿಹುಣ್ಣಾಗಿ ಶುರುವಾಗುತ್ತದೆ. ಇದನ್ನು ಬಿ ಕಾಂಪ್ಲೆಕ್ಸ್ ಕೊರತೆ ಅಂದುಕೊಂಡು ತಿಂಗಳುಗಟ್ಟಲೆ ಕಳೆಯುವವರೂ ಇದ್ದಾರೆ. ಸ್ಟೀರಾಯ್ಡ್ ಔಷಧಗಳು ಬರುವ ಮುಂಚೆ ಇದು ಬಹುಪಾಲು ಜನರ ಜೀವ ತೆಗೆಯುತ್ತಿತ್ತು. ಈಗ ಚಿಕಿತ್ಸೆ ಇದೆ.

ಎಳೆ ಮಕ್ಕಳಲ್ಲಿ ಇನ್ನೊಂದು ನಮೂನೆ. ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾದ ಒಂದು ವಿಷ ಡೆಸ್ಮೊಗ್ಲೀನ್-1 ಅನ್ನು ಕತ್ತರಿ ಹಾಕಿದ ಹಾಗೆ ಕತ್ತರಿಸುತ್ತದೆ. ಬಿಸಿನೀರು ಬಿದ್ದ ಹಾಗೆ ಚರ್ಮ ಸುಲಿಯುತ್ತದೆ. ಬಾಯಿ ಮಾತ್ರ ಚೆನ್ನಾಗಿರುತ್ತದೆ, ಅಲ್ಲಿ ಡೆಸ್ಮೊಗ್ಲೀನ್-3 ಹಿಡಿದುಕೊಂಡಿರುತ್ತದಲ್ಲ. ಇದಕ್ಕೂ ಔಷಧ ಇದೆ, ತಡ ಮಾಡಬಾರದು.

ಚಾಪೆಯ ಜೋಡಣೆಯೇ ಹುಟ್ಟಿನಿಂದ ಕೆಟ್ಟಿದ್ದರೆ ಎಪಿಡರ್ಮೊಲಿಸಿಸ್ ಬುಲ್ಲೋಸಾ. ಮುಟ್ಟಿದರೆ ಚರ್ಮ ಜಾರುತ್ತದೆ, ಚಿಟ್ಟೆಯ ರೆಕ್ಕೆಯ ಹಾಗೆ. 2015ರಲ್ಲಿ ಜರ್ಮನಿಯ ಬೋಖಮ್‌ನ ಸುಟ್ಟಗಾಯಗಳ ವಾರ್ಡಿಗೆ ಇಂಥ ಏಳು ವರ್ಷದ ಹುಡುಗನೊಬ್ಬ ಬಂದ. ಸಿರಿಯಾದಿಂದ ಬಂದ ಕುಟುಂಬ. ಮೈಯ ಚರ್ಮದಲ್ಲಿ ಅರ್ಧಕ್ಕೂ ಹೆಚ್ಚು ಹೋಗಿತ್ತು. ಇಟಲಿಯ ಮೊದೆನಾದ ಮಿಕೆಲೆ ದೆ ಲೂಕಾ ಅವರ ತಂಡ ಅವನ ಉಳಿದ ಚರ್ಮದಿಂದ 4 ಚದರ ಸೆಂಟಿಮೀಟರ್ ತೆಗೆದು, ಜೀವಕೋಶಗಳಿಗೆ ಲ್ಯಾಮಿನಿನ್ನಿನ ಸರಿಯಾದ ಜೀನ್ ಸೇರಿಸಿ, ಹಾಳೆ ಹಾಳೆಯಾಗಿ ಬೆಳೆಸಿತು. ಮೈಯ ನೂರಕ್ಕೆ 80ರಷ್ಟು ಭಾಗಕ್ಕೆ ಹೊಸ ಚರ್ಮ ಕೂರಿಸಿದರು. 2017ರಲ್ಲಿ ಈ ವರದಿ ಪ್ರಕಟವಾಗುವ ಹೊತ್ತಿಗೆ ಹುಡುಗ ಶಾಲೆಗೆ ಹೋಗುತ್ತಿದ್ದ.

ಕ್ಯಾಡ್ಹೆರಿನ್ ಕೈ ಬಿಟ್ಟರೆ? ನ್ಯೂಜಿಲೆಂಡಿನ ಒಂದು ದೊಡ್ಡ ಮಾವೋರಿ ಕುಟುಂಬದಲ್ಲಿ ತಲೆಮಾರುಗಳಿಂದ ಹೊಟ್ಟೆಯ ಕ್ಯಾನ್ಸರ್, ಅದೂ ಚಿಕ್ಕ ವಯಸ್ಸಿಗೇ. ಆ ಕುಟುಂಬವೂ ಒಟಾಗೊ ವಿಶ್ವವಿದ್ಯಾಲಯದ ಸಂಶೋಧಕರೂ ಜೊತೆಗೂಡಿ ಹುಡುಕಿ, 1998ರಲ್ಲಿ ಕಾರಣ ಕಂಡುಕೊಂಡರು: ಇ-ಕ್ಯಾಡ್ಹೆರಿನ್ ಜೀನ್ ಕೆಟ್ಟಿತ್ತು. ಈ ಕ್ಯಾನ್ಸರು ಗಂಟು ಕಟ್ಟುವುದಿಲ್ಲ. ಕೈ ಬಿಟ್ಟ ಜೀವಕೋಶಗಳು ಒಂದೊಂದಾಗಿ ಹೊಟ್ಟೆಯ ಗೋಡೆಯೊಳಗೆ ಹರಡುತ್ತವೆ, ಹಾಗಾಗಿ ಬೇಗ ಪತ್ತೆಯಾಗುವುದೂ ಇಲ್ಲ. ಈಗ ಇಂಥ ಕುಟುಂಬದವರಿಗೆ ರಕ್ತದ ಜೀನ್ ಪರೀಕ್ಷೆ ಮಾಡಿ ಮೊದಲೇ ಎಚ್ಚರಿಸಬಹುದು.

ಸಾಯುವವನನ್ನು ಕಳಿಸಿಕೊಡುವ ರೀತಿ

ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಅಂದರೆ ದಿನಾ ಕೋಟಿಗಟ್ಟಲೆ ಜೀವಕೋಶಗಳು ಉದುರುತ್ತವೆ. ಒಂದು ಉದುರಿದ ಕಡೆ ತೂತು ಬೀಳಬೇಕಲ್ವಾ?

ಬೀಳುವುದಿಲ್ಲ. ಹೋಗುವವನು ಹೊರಡುವ ಮುಂಚೆ ಪಕ್ಕದವರಿಗೆ ಸೂಚನೆ ಕೊಡುತ್ತಾನೆ. ಸುತ್ತಲಿನ ಜೀವಕೋಶಗಳು ಅವನ ಬುಡದ ಸುತ್ತ ಆ್ಯಕ್ಟಿನ್ ಉಂಗುರ ಕಟ್ಟಿ ಹಿಚುಕುತ್ತವೆ. ಅವನು ಮೇಲಕ್ಕೆ ಜಿಗಿದು ಹೊರಬೀಳುವ ಹೊತ್ತಿಗೆ ಕೆಳಗೆ ಸುತ್ತಲಿನವರು ಆಗಲೇ ಕೈ ಹಿಡಿದುಕೊಂಡಿರುತ್ತಾರೆ. ಹುಣಸೆ ಬೀಜವನ್ನು ಎರಡು ಬೆರಳಲ್ಲಿ ಒತ್ತಿ ಹಾರಿಸಿದ ಹಾಗೆ. 2001ರಲ್ಲಿ ಜೋಡಿ ರೋಸೆನ್‌ಬ್ಲಾಟ್ ಮತ್ತು ಜೊತೆಗಾರರು ಇದನ್ನು ವಿವರಿಸಿದರು. 2024ರಲ್ಲಿ ಅವರದೇ ತಂಡ ಲಂಡನ್ನಿನಿಂದ ಇನ್ನೊಂದು ವರದಿ ಕೊಟ್ಟಿತು. ಆಸ್ತಮಾದಲ್ಲಿ ಶ್ವಾಸನಾಳ ಬಿಗಿದುಕೊಂಡಾಗ, ಆ ಒತ್ತಡಕ್ಕೆ ಆರೋಗ್ಯವಾಗಿರುವ ಜೀವಕೋಶಗಳೂ ಹೀಗೆ ಹಾರಿಹೋಗಿ ಪದರ ಹಾಳಾಗುತ್ತದೆ.

ರೋಗಾಣುಗಳಿಗೂ ಈ ಜಾಗಗಳೆಲ್ಲ ಗೊತ್ತು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ, ಜೀವಕೋಶ ಉದುರುವ ಆ ಕ್ಷಣ ಹೊರಗೆ ಕಾಣುವ ಇ-ಕ್ಯಾಡ್ಹೆರಿನ್ ಹಿಡಿದುಕೊಂಡು ಒಳಗೆ ನುಗ್ಗುತ್ತದೆ. ಹೆಪಟೈಟಿಸ್ ಸಿ ವೈರಸ್ಸಿಗೆ ಯಕೃತ್ತಿನ ಜೀವಕೋಶದೊಳಗೆ ಹೋಗಲು ಕ್ಲಾಡಿನ್-1, ಆಕ್ಲೂಡಿನ್ ಎರಡೂ ಬೇಕು. ಮುಚ್ಚಲು ಇಟ್ಟ ಚಿಲಕವನ್ನೇ ಹಿಡಿಕೆ ಮಾಡಿಕೊಳ್ಳುತ್ತದೆ.

ಹಾಗಾದರೆ ‘ಲೀಕಿ ಗಟ್’?

ಕರುಳಿನ ಸೋರಿಕೆಯನ್ನು ನಿಜವಾಗಿ ಅಳೆಯಬಹುದು. ಒಂದು ದೊಡ್ಡ ಸಕ್ಕರೆ, ಒಂದು ಚಿಕ್ಕ ಸಕ್ಕರೆ ಕುಡಿಸಿ (ಸಾಮಾನ್ಯವಾಗಿ ಲ್ಯಾಕ್ಟುಲೋಸ್ ಮತ್ತು ಮ್ಯಾನಿಟಾಲ್), ಮೂತ್ರದಲ್ಲಿ ಎಷ್ಟೆಷ್ಟು ಬಂತು ಅಂತ ನೋಡುತ್ತಾರೆ. ದೊಡ್ಡದು ಜಾಸ್ತಿ ಬಂದರೆ ಸಂದಿ ಸಡಿಲ ಅಂತ ಅರ್ಥ. ಕರುಳಿನಲ್ಲಿ ಉರಿಯೂತ ಬರುವ ಕ್ರೋನ್ಸ್ ಕಾಯಿಲೆ, ಗೋಧಿಯ ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಜಾಸ್ತಿ ಬರುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ಮದ್ಯ, ಸುಡುಬಿಸಿಲಲ್ಲಿ ವಿಪರೀತ ಓಟ, ಇವೂ ಸಡಿಲ ಮಾಡುತ್ತವೆ. ಇಷ್ಟು ಗಟ್ಟಿ ವಿಷಯ.

ಆದರೆ ಸಡಿಲವಾದದ್ದರಿಂದ ಕಾಯಿಲೆ ಬಂತೋ, ಕಾಯಿಲೆ ಬಂದದ್ದರಿಂದ ಸಡಿಲವಾಯಿತೋ ಅನ್ನುವುದು ಬಹಳ ಕಡೆ ಇನ್ನೂ ತೀರ್ಮಾನವಾಗಿಲ್ಲ. ಸಂದಿಯನ್ನೇ ಬಿಗಿ ಮಾಡಲು ತಯಾರಾದ ಲಾರಜೋಟೈಡ್ ಎಂಬ ಔಷಧದ ಮೇಲೆ ಸೀಲಿಯಾಕ್ ರೋಗಿಗಳಿಗೆ ಭಾರೀ ನಿರೀಕ್ಷೆ ಇತ್ತು. 2022ರಲ್ಲಿ ಅದರ ಮೂರನೇ ಹಂತದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ನಡುವೆ ಲೆಕ್ಕ ಹಾಕಿದಾಗ ಫಲ ಕಾಣುವ ಲಕ್ಷಣ ಇರಲಿಲ್ಲ. ಸೋರಿಕೆ ಅಳೆಯುತ್ತೇವೆ ಅಂತ ಮಾರುವ ‘ಝೊನುಲಿನ್’ (ಸಂದಿ ಸಡಿಲ ಮಾಡುತ್ತದೆ ಎನ್ನಲಾದ ಪ್ರೋಟೀನ್) ರಕ್ತಪರೀಕ್ಷೆಯ ಕೆಲವು ಕಿಟ್‌ಗಳು ಝೊನುಲಿನ್ ಅನ್ನೇ ಅಳೆಯುವುದಿಲ್ಲ, ಬೇರೆ ಯಾವುದೋ ಪ್ರೋಟೀನನ್ನು ಹಿಡಿಯುತ್ತವೆ ಅಂತಲೂ ಪರಿಶೀಲನೆಯಲ್ಲಿ ಗೊತ್ತಾಗಿದೆ.

ಸುಸ್ತು, ಮೊಡವೆ, ಮರೆವು ಎಲ್ಲಕ್ಕೂ ಮೂಲವಾದ ‘ಲೀಕಿ ಗಟ್’ ಎಂಬ ಒಂದೇ ಕಾಯಿಲೆ ವೈದ್ಯರ ಪಟ್ಟಿಯಲ್ಲಿಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಭೇದಿ ಇದ್ದರೆ ಅದು ಪುಡಿಯ ಕೆಲಸವಲ್ಲ, ಡಾಕ್ಟರ ಕೆಲಸ. ಇನ್ನು ಊಟದ ವಿಷಯ: ದೊಡ್ಡ ಕರುಳಿನ ಜೀವಕೋಶಗಳಿಗೆ ಮುಖ್ಯ ಇಂಧನ ಬ್ಯುಟಿರೇಟ್. ನಾವು ಅರಗಿಸಲಾಗದ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾ ತಿಂದು ಅದನ್ನು ತಯಾರಿಸುತ್ತವೆ. ರಾಗಿ, ಕಾಳು, ಸೊಪ್ಪು ಅಂದರೆ ಆ ನಾರು.

ಇಷ್ಟನ್ನೂ ಚಿಕ್ಕಮ್ಮನಿಗೆ ಫೋನಿನಲ್ಲೇ ಹೇಳಿದೆ. ವಡೆಯ ತೂತಿನ ವಿಷಯಕ್ಕೆ ನಕ್ಕರು, ಇಲಿಮರಿಗಳ ವಿಷಯಕ್ಕೆ “ಅಯ್ಯೋ ಪಾಪ” ಅಂದರು. ಎಲ್ಲ ಮುಗಿದ ಮೇಲೆ ಕೇಳಿದರು:

“ಸರಿ, ಪುಡಿ ಬೇಡ. ಈ ಮಂಡಿನೋವಿಗೆ ಏನು ಮಾಡ್ಲಿ, ಅದನ್ನ ಹೇಳು.”